ಲಜ್ಜೆ ಇರಲಿ, ನೋವನ್ನು ಮುಚ್ಚಿಡುವುದು ಬೇಡ

ಅಸರ್ ನಮಾಝಿನ ಬಳಿಕ ಮೈದಾನಕ್ಕೆ ಹೋದ ಹುಡುಗ ಕೈಗೆ ಪೆಟ್ಟಾದರೆ ಮನೆಗೆ ಬಂದು ತೋರಿಸುತ್ತಾನೆ. ಕಾಲು ಉಳುಕಿದರೂ ಹೇಳುತ್ತಾನೆ. ಆದರೆ ಕ್ರಿಕೆಟ್ ಚೆಂಡು ತೊಡೆಸಂದಿಗೆ ಬಡಿದರೆ, ಫುಟ್ಬಾಲ್ ಆಡುವಾಗ ಯಾರದ್ದೋ ಮೊಣಕಾಲು ಗುಪ್ತಾಂಗಕ್ಕೆ ತಗುಲಿದರೆ ಬಾಯಿ ಬಿಡುವುದಿಲ್ಲ. ಕೋಣೆಗೆ ಹೋಗಿ ಮುದುಡಿ ಮಲಗುತ್ತಾನೆ. ತಾಯಿ ಕೇಳಿದರೆ "ಹೊಟ್ಟೆನೋವು" ಎನ್ನುತ್ತಾನೆ. ಈ ಮೌನದಿಂದ ಕೆಲವೊಮ್ಮೆ ಒಂದು ಅಂಗವೇ ನಷ್ಟವಾಗುವುದುಂಟು. ಆದುದರಿಂದ ತಂದೆತಾಯಂದಿರು ಈ ವಿಷಯವನ್ನು ಮೊದಲೇ ತಿಳಿದಿರಬೇಕು.

ಲಜ್ಜೆ ಪ್ರಶ್ನೆಯನ್ನು ತಡೆಯಲಿಲ್ಲ

ಹಯಾ ಈಮಾನಿನ ಒಂದು ಶಾಖೆ ಎಂದು ನಾವೆಲ್ಲ ಬಲ್ಲೆವು. ಆದರೆ ಸಹಾಬಿಗಳ ಹಯಾ ಅಗತ್ಯವಾದ ಮಾತನ್ನು ತಡೆಯುವಂತಹದ್ದಾಗಿರಲಿಲ್ಲ. ಹಝ್ರತ್ ಅಲಿ(ರ) ಅವರಿಗೆ ದೇಹದ ಒಂದು ಖಾಸಗಿ ವಿಷಯದಲ್ಲಿ ವಿಧಿ ತಿಳಿಯಬೇಕಿತ್ತು. ತಾನು ಪ್ರವಾದಿ(ಸ)ರವರ ಅಳಿಯನಾದ ಕಾರಣ ನೇರವಾಗಿ ಕೇಳಲು ಸಂಕೋಚವಾಯಿತು. ಅವರು ಸುಮ್ಮನಿರಲಿಲ್ಲ, ಮಿಕ್ದಾದ್(ರ) ಅವರ ಮೂಲಕ ಕೇಳಿಸಿದರು. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಮೂಲವ್ಯಾಧಿ ಇತ್ತು. ನಮಾಝ್ ಹೇಗೆ ಮಾಡಲಿ ಎಂದು ಅವರು ಪ್ರವಾದಿ(ಸ)ರೊಡನೆ ಕೇಳಿದರು. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಿರ್ವಹಿಸುವ ಅನುಮತಿ ದೊರೆಯಿತು. ಇವೆರಡೂ ಸಹೀಹ್ ಬುಖಾರಿಯಲ್ಲಿವೆ. ಎಲ್ಲ ರೋಗಿಗಳಿಗೂ ಇಂದು ಇರುವ ಆ ರಿಯಾಯಿತಿಯ ವಿವರ ಒಬ್ಬ ಸಹಾಬಿ ತನ್ನ ಗುಪ್ತ ರೋಗದ ಬಗ್ಗೆ ಕೇಳಿದ್ದರಿಂದ ನಮಗೆ ತಲುಪಿತು.

ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿ(ಸ)ರವರು ಚಿಕಿತ್ಸೆ ಪಡೆಯಲು ಹೇಳಿದರೆಂದೂ, ವೃದ್ಧಾಪ್ಯದ ಹೊರತು ಪ್ರತಿ ರೋಗಕ್ಕೂ ಅಲ್ಲಾಹನು ಔಷಧಿ ಇಟ್ಟಿದ್ದಾನೆಂದು ತಿಳಿಸಿದರೆಂದೂ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ನಮ್ಮ ದೇಹ ಅಲ್ಲಾಹನ ಅಮಾನತ್. ಮಕ್ಕಳ ದೇಹದ ಕಾವಲು ತಂದೆತಾಯಂದಿರ ಮೇಲಿದೆ.

ಗಡಿಯಾರ ನೋಡಬೇಕಾದ ನೋವು

ವೃಷಣಕ್ಕೆ ಸಣ್ಣ ಪೆಟ್ಟು ಬಿದ್ದರೂ ತೀವ್ರ ನೋವಾಗುತ್ತದೆ, ವಾಕರಿಕೆಯೂ ಬರಬಹುದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಅದು ಇಳಿಯುತ್ತದೆ. ಮಲಗಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟು, ಬಿಗಿಯಾದ ಒಳಚಡ್ಡಿ ಹಾಕಿಸಿದರೆ ಸಾಕಾಗುತ್ತದೆ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬಾರದು. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು: ಒಂದು ಗಂಟೆ ಕಳೆದರೂ ಇಳಿಯದ ನೋವು, ಊತ ಅಥವಾ ನೀಲಿಗಟ್ಟುವಿಕೆ, ಮತ್ತೆ ಮತ್ತೆ ವಾಂತಿ, ಮೂತ್ರದಲ್ಲಿ ರಕ್ತ, ಮೂತ್ರ ಹೋಗಲು ಕಷ್ಟ, ಚರ್ಮ ಹರಿದ ಗಾಯ, ಒಂದು ಬದಿಯ ವೃಷಣ ಮೇಲಕ್ಕೆ ಸರಿದಂತೆ ಕಾಣುವುದು.

ಈ ಕೊನೆಯ ಲಕ್ಷಣ ವೃಷಣ ತಿರುಚಿಕೊಂಡಿರುವುದರ ಸೂಚನೆಯಾಗಿರಬಹುದು. ವೃಷಣಕ್ಕೆ ರಕ್ತ ಒಯ್ಯುವ ನಾಳಗಳ ಹುರಿ ತಿರುಚಿದಾಗ ರಕ್ತ ನಿಂತುಹೋಗುತ್ತದೆ. ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರಲ್ಲಿ ಇದು ಹೆಚ್ಚು. ಆಟದಲ್ಲಿ ಪೆಟ್ಟು ಬಿದ್ದಾಗ ಆಗಬಹುದು, ಏನೂ ಆಗದೆ ನಿದ್ದೆಯಲ್ಲಿಯೂ ಆಗಬಹುದು. ಕೆಲವೊಮ್ಮೆ ಹುಡುಗನಿಗೆ ಕೆಳಹೊಟ್ಟೆಯಲ್ಲಿಯೇ ನೋವು ಕಾಣುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನವರಲ್ಲಿ ವೃಷಣ ಉಳಿಯುತ್ತದೆ. ಒಂದು ದಿನ ಕಳೆದರೆ ಉಳಿಯುವ ಸಾಧ್ಯತೆ ಬಹಳ ಕಡಿಮೆ. "ಬೆಳಿಗ್ಗೆ ನೋಡೋಣ" ಎಂದು ನೋವಿನ ಮಾತ್ರೆ ಕೊಟ್ಟು ಮಲಗಿಸಿದರೆ ಆ 6 ಗಂಟೆ ರಾತ್ರಿಯಲ್ಲೇ ಮುಗಿದುಹೋಗುತ್ತದೆ.

ಹೊರಡುವಾಗ ನೋವು ಯಾವಾಗ ಶುರುವಾಯಿತೆಂದು ಗುರುತಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಕಾರಣ ಊಟ, ನೀರು ಕೊಡಬೇಡಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವೈದ್ಯರು ಪರೀಕ್ಷಿಸಿ, ಅಗತ್ಯವಿದ್ದರೆ ರಕ್ತಸಂಚಾರ ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಒಂದು ವೃಷಣ ತೆಗೆಯಬೇಕಾಗಿ ಬಂದರೂ ಎಲ್ಲ ಮುಗಿಯಿತೆಂದಲ್ಲ. ಆರೋಗ್ಯವಂತ ಒಂದೇ ವೃಷಣ ಇರುವವರೂ ಸಾಮಾನ್ಯವಾಗಿ ವಿವಾಹವಾಗಿ ಮಕ್ಕಳನ್ನು ಪಡೆಯುತ್ತಾರೆ. ಇದನ್ನು ಹುಡುಗನಿಗೂ ಸ್ಪಷ್ಟವಾಗಿ ಹೇಳಬೇಕು. ಆ ಭಯವನ್ನು ಅವನು ಯಾರಲ್ಲೂ ಹೇಳಿಕೊಂಡಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯ

ಸೈಕಲಿನ ಕಂಬಿಯ ಮೇಲೆ ಅಥವಾ ಜಿಮ್ನಾಸ್ಟಿಕ್ಸ್ ಆಡುವಾಗ ಕಾಲು ಎರಡು ಬದಿಗೆ ಆಗಿ ಬಿದ್ದರೆ ಹುಡುಗಿಯರಿಗೂ ಗುಪ್ತಾಂಗಕ್ಕೆ ಗಾಯವಾಗುತ್ತದೆ. ನಿಲ್ಲದ ರಕ್ತ, ದೊಡ್ಡ ಊತ, ಮೂತ್ರ ಹೋಗದಿರುವುದು ಇದ್ದರೆ ತಡಮಾಡಬಾರದು. "ಮುಂದೆ ಮದುವೆಗೆ ಏನಾಗುವುದೋ" ಎಂದು ಹೆದರಿ ಮುಚ್ಚಿಡುವ ಮನೆಗಳಿವೆ. ಆಟದಲ್ಲಾದ ಗಾಯ ಆ ಮಗುವಿನ ತಪ್ಪೂ ಅಲ್ಲ, ಮಾನಹಾನಿಯೂ ಅಲ್ಲ.

ಔರತ್ ಮತ್ತು ವೈದ್ಯರು

ಹುಡುಗನಿಗೆ ಪುರುಷ ವೈದ್ಯರು, ಹುಡುಗಿಗೆ ಮಹಿಳಾ ವೈದ್ಯರು ಸಿಗುವುದಾದರೆ ಕೇಳಿಕೊಳ್ಳಿ. ಸಿಗದಿದ್ದರೆ ಅದಕ್ಕಾಗಿ ಚಿಕಿತ್ಸೆ ತಡಮಾಡಬೇಡಿ. ಚಿಕಿತ್ಸೆಯ ಅನಿವಾರ್ಯತೆಯಲ್ಲಿ ಅಗತ್ಯವಿದ್ದಷ್ಟು ಔರತ್ ತೋರಿಸಲು ಅನುಮತಿಯಿದೆಯೆಂದು ಉಲಮಾಗಳು ಹೇಳಿದ್ದಾರೆ. ತಂದೆ ಅಥವಾ ತಾಯಿ ಜೊತೆಗಿರಲಿ. ದೊಡ್ಡ ಮಕ್ಕಳಾದರೆ ಒಳಗೆ ಯಾರು ಇರಬೇಕೆಂದು ಅವರನ್ನೇ ಕೇಳಿ. ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದರೆ ವುಝೂ, ಗುಸ್ಲ್‌ನ ವಿಧಿಯನ್ನು ಉಸ್ತಾದರಲ್ಲಿ ಕೇಳಿಕೊಳ್ಳಿ.

ಮನೆಯಲ್ಲಿ ಬಾಗಿಲು ತೆರೆದಿರಲಿ

ಮಗ ಹೇಳಿಕೊಂಡಾಗ "ಆಡಲು ಹೋಗಬೇಡ ಎಂದಿರಲಿಲ್ಲವೇ" ಎಂಬ ಮಾತು ಮೊದಲು ಬರಬಾರದು. ನಗಬಾರದು, ನೆಂಟರಲ್ಲಿ ಹೇಳಿಕೊಂಡು ತಿರುಗಬಾರದು. ಬಾಲಿಗ್ ಆಗುವ ವಯಸ್ಸಿನಲ್ಲಿ ಶುದ್ಧಿಯ ಮಸ್‌ಅಲ ಕಲಿಸುವಾಗಲೇ "ಅಲ್ಲಿ ನೋವಾದರೆ ಯಾವ ಹೊತ್ತಿನಲ್ಲಾದರೂ ಎಬ್ಬಿಸು" ಎಂದು ಹೇಳಿಡಿ. ತಂದೆ ಗಲ್ಫಿನಲ್ಲಿದ್ದರೆ ಅಣ್ಣನೋ ಮಾವನೋ ಯಾರಲ್ಲಿ ಹೇಳಬೇಕೆಂದು ಗೊತ್ತುಮಾಡಿ. ಯಾರೂ ಹತ್ತಿರವಿಲ್ಲದಿದ್ದರೆ ತಾಯಿಯಲ್ಲೇ ಹೇಳಲಿ.

ಮಗು ಕಾರಣ ಹೇಳಲು ಹೆದರುತ್ತಿದ್ದರೆ ಅಥವಾ ಹೇಳಿದ್ದಕ್ಕೂ ಗಾಯಕ್ಕೂ ಹೊಂದದಿದ್ದರೆ, ಯಾರಾದರೂ ನೋಯಿಸಿದರೇ ಎಂದು ಏಕಾಂತದಲ್ಲಿ ಮೆಲ್ಲನೆ ಕೇಳಿ. ಅಂತಹ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು, ಗಟ್ಟಿ ಚೆಂಡಿನಲ್ಲಿ ಆಡುವ ಹುಡುಗನಿಗೆ ಬ್ಯಾಟಿನೊಂದಿಗೆ ಒಂದು ಗಾರ್ಡ್ ಕೂಡ ಕೊಡಿಸಿ. ಬ್ಯಾಟಿಗಿಂತ ಬಹಳ ಅಗ್ಗ. ಒಂಟೆಯನ್ನು ಕಟ್ಟಿದ ಬಳಿಕವೇ ತವಕ್ಕುಲ್ ಎಂದು ನಾವು ಕಲಿತವರಲ್ಲವೇ?

ಅಲ್ಲಾಹನು ನಮ್ಮ ಮಕ್ಕಳಿಗೆ ಆಫಿಯತ್ ನೀಡಲಿ. ಅವರ ನೋವನ್ನು ಕೇಳುವ ಕಿವಿಯನ್ನು ನಮಗೂ ಕರುಣಿಸಲಿ. ಆಮೀನ್.