ತಟ್ಟೆಯಲ್ಲಿನ ಪಿಷ್ಟ, ಮನಸ್ಸಿನ ಭಾರ

ರೋಗಿಗಳಿಗೂ ಸಾವಾದ ಮನೆಯವರಿಗೂ ‘ತಲ್ಬೀನಾ’ ಎಂಬ ಬಾರ್ಲಿ ಗಂಜಿ ಮಾಡಿಕೊಡಲು ಹಝ್ರತ್ ಆಯಿಶಾ(ರ) ಹೇಳುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ನೀಡಿ ದುಃಖವನ್ನು ತುಸು ಇಳಿಸುತ್ತದೆಂದು ಪ್ರವಾದಿ(ಸ)ರು ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಊಟಕ್ಕೂ ಮನಸ್ಸಿಗೂ ಇರುವ ನಂಟನ್ನು ವಿಜ್ಞಾನಿಗಳು ಈಗ ಕರುಳಿನಲ್ಲಿ ಹುಡುಕುತ್ತಿದ್ದಾರೆ.

ಕರುಳಿನಲ್ಲಿ ಏನಾಗುತ್ತದೆ?

ಅನ್ನ, ಪರೋಟಾಗಳಲ್ಲಿನ ಪಿಷ್ಟದ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲೇ ಸಕ್ಕರೆಯಾಗಿ ರಕ್ತ ಸೇರುತ್ತದೆ. ಕಾಳು, ರಾಗಿ, ಬಾರ್ಲಿ, ಬಾಳೆಕಾಯಿಗಳ ಒಂದಷ್ಟು ಪಿಷ್ಟ ಮತ್ತು ನಾರು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂತಹ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಒಳಪದರ ಚೆನ್ನಾಗಿದ್ದರೆ ಉರಿಯೂತ ತಗ್ಗುತ್ತದೆ. ಉರಿಯೂತಕ್ಕೂ ಖಿನ್ನತೆಗೂ ಸಂಬಂಧ ಕಂಡುಬಂದಿದೆ.

2019ರಲ್ಲಿ ಬೆಲ್ಜಿಯಂನ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ, ಖಿನ್ನತೆ ಇರುವವರಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಎಂಬ ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. 2020ರಲ್ಲಿ ಅಲ್ಲಿನ ಲೂವೆನ್‌ನಲ್ಲಿ ಆರೋಗ್ಯವಂತ ಪುರುಷರಿಗೆ ಒಂದು ವಾರ ಇಂತಹ ಕೊಬ್ಬಿನಾಮ್ಲಗಳನ್ನು ಕೊಟ್ಟಾಗ, ಒತ್ತಡದ ಸಮಯದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಏರಿಕೆ ತಗ್ಗಿತು. ಆದರೆ ಅವರು ಖಿನ್ನತೆಯ ರೋಗಿಗಳಲ್ಲ. ಆದ್ದರಿಂದ ಇದನ್ನು ಚಿಕಿತ್ಸೆ ಎನ್ನಲಾಗದು.

ನಮ್ಮ ಅಡುಗೆಮನೆಯಲ್ಲಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮನೆಗಳಲ್ಲಿ ಬೆಳಗ್ಗೆ ಚಹಾದೊಂದಿಗೆ ಬನ್ನು–ರಸ್ಕು, ರಾತ್ರಿ ಮೈದಾ ಪರೋಟಾ ಸಾಮಾನ್ಯ. ರಾಗಿಯಂತೂ ನಮ್ಮ ನೆಲದ ಬೆಳೆ. ವಾರದಲ್ಲಿ ಕೆಲವು ದಿನ ಶೇರ್ವಾದ ಜೊತೆ ರಾಗಿಮುದ್ದೆ, ಅನ್ನ ಕಡಿಮೆ ಮಾಡಿ ದಾಲ್ಚಾ ಹೆಚ್ಚು, ಸಂಜೆಗೆ ಕಡಲೆ ಉಸಲಿ ಇರಲಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಹೆಚ್ಚಿಸಿ.

ಬೇಯಿಸಿದ ಅನ್ನ ತಣ್ಣಗಾದಾಗಲೂ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ. ಆದರೆ ಉಳಿದ ಅನ್ನ, ಬಿರಿಯಾನಿಯನ್ನು ರಾತ್ರಿಯಿಡೀ ಹೊರಗಿಡಬೇಡಿ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗದು. ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಚೆನ್ನಾಗಿ ಬಿಸಿ ಮಾಡಿ ತಿನ್ನಿ. ಸಕ್ಕರೆ ಕಾಯಿಲೆ ಇರುವವರು ತಂಗಳನ್ನವೆಂದು ಅಳತೆ ಮೀರಬಾರದು.

ಊಟವಷ್ಟೇ ಸಾಲದು

ಎರಡು ವಾರಕ್ಕೂ ಹೆಚ್ಚು ಕಾಲ ದುಃಖ, ನಿರಾಸಕ್ತಿ ಬಿಡದಿದ್ದರೆ, ನಿದ್ರೆ–ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಖಿನ್ನತೆ ಕಾಯಿಲೆಯೇ ಹೊರತು ಈಮಾನ್‌ನ ಕೊರತೆಯಲ್ಲ. ದುಆ ಮಾಡಿ, ಜೊತೆಗೆ ಮದ್ದನ್ನೂ ಮಾಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ಆಹಾರ ನಂಬಿ ನಿಲ್ಲಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು–ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.