ಮುಳ್ಳು ಇಳಿದರಷ್ಟೇ ಸಾಲದು

ಮೇಲೆ ಕರೆಂಟಿನ ತಂತಿ ಹಾಯದ, ಸುತ್ತ ಕಟ್ಟಡವಿಲ್ಲದ ಬಯಲೊಂದನ್ನು ಬೆಂಗಳೂರಿನ ಹೊರಗೆ ಹುಡುಕಿ ಕಾರು ನಿಲ್ಲಿಸಿದ್ದಾರೆ. ಭಾನುವಾರದ ಎಳೆಬಿಸಿಲು, ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಡಿಕ್ಕಿಯ ಅಂಚಿಗೆ ಕೂರಿಸಿದ ಉಕ್ಕಿನ ಆಂಟೆನಾ ಗಾಳಿಗೆ ಬಳುಕುತ್ತಿದೆ. ಅದರ ನಡುವಿಗೆ, ಪಿವಿಸಿ ಪೈಪಿನ ಮೇಲೆ ತಾಮ್ರದ ತಂತಿಯನ್ನು ಒಂದಕ್ಕೊಂದು ತಾಗದಂತೆ ಸುತ್ತಿದ ದಪ್ಪನೆಯ ಕಾಯಿಲ್.

ಕಾರು ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಪಡೆದ ಯುವಕನದು. ಜೊತೆಗೆ ಬಂದವರು ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಷ್ಟ್ರು. ಮೊಬೈಲ್ ಸಿಗ್ನಲ್ ಸಿಗದ ಘಟ್ಟದ ದಾರಿಯಲ್ಲೂ ಈ ಕಾರಿನಿಂದ ಮಾತು ಹೊರಡಬೇಕು ಎಂಬುದು ಇಬ್ಬರ ಆಸೆ.

ಯುವಕ ಅಲೆನ್ ಕೀಯಿಂದ ಸ್ಕ್ರೂ ಸಡಿಲಿಸಿ, ಮೇಲಿನ ಕಡ್ಡಿಯನ್ನು ಉಗುರಿನಷ್ಟು ಒಳಗೆ ತಳ್ಳಿ, ಮತ್ತೆ ಬಿಗಿಯುತ್ತಾನೆ. ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆಯೇ ಮೀಟರ್ ನೋಡುವುದು. ಡಿಕ್ಕಿ ತೆರೆದಿದ್ದರೂ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೂ ಲೆಕ್ಕ ತಪ್ಪುತ್ತದೆ. ನಾವೂ ನಾಲ್ಕು ಹೆಜ್ಜೆ ಹಿಂದೆ ಸರಿಯೋಣ. ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂದು ಹೇಳುವ ಆ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು 1ಕ್ಕೆ ಇಳಿದರೆ ಏನೂ ಹಿಂದಿರುಗುತ್ತಿಲ್ಲ ಎಂದರ್ಥ. ಈಗ ಅದು 2ರ ಬಳಿ ನಿಂತಿದೆ.

ಅವರಿಗೆ ಬೇಕಾದದ್ದು 7.1 ಮೆಗಾಹರ್ಟ್ಸ್. ಆ ಅಲೆಯ ಉದ್ದ ಸುಮಾರು 42 ಮೀಟರ್. ಕಾಲು ಭಾಗವೆಂದರೂ ಆಂಟೆನಾ ಹತ್ತೂವರೆ ಮೀಟರ್ ಇರಬೇಕು. ರಸ್ತೆಗಿಳಿಯುವ ಕಾರು ಹೊತ್ತದ್ದು ಬರೀ ಎರಡೂವರೆ ಮೀಟರ್. ಉಳಿದ ಕೊರತೆಯನ್ನು ಕಾಯಿಲ್ ತುಂಬಿಕೊಡಬೇಕು.

ಮೇಷ್ಟ್ರು ಹಳೆಯ ಬೆಡ್‌ಶೀಟ್ ಹಾಸಿ ಕಾರಿನಡಿ ತೂರುತ್ತಾರೆ. ಎಮರಿ ಪೇಪರಿನ ಕರಕರ ಸದ್ದು, ಉದುರುವ ತುಕ್ಕಿನ ವಾಸನೆ. ಸೈಲೆನ್ಸರ್ ಪೈಪು ರಬ್ಬರಿನಲ್ಲಿ ನೇತಾಡುವುದರಿಂದ ಅದಕ್ಕೂ ಬಾಡಿಗೂ ಸರಿಯಾದ ನಂಟಿಲ್ಲ. ಹೆಣೆದ ತಾಮ್ರದ ಪಟ್ಟಿಯಿಂದ ಎರಡನ್ನೂ ಬೆಸೆಯುತ್ತಾರೆ. ಬಾನೆಟ್ಟಿಗೆ ಎರಡು ಪಟ್ಟಿ, ಡಿಕ್ಕಿಯ ಕೀಲಿಗೆ ಇನ್ನೆರಡು. ಪ್ರತಿ ಬೋಲ್ಟಿನ ಕೆಳಗೂ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡುತ್ತಾರೆ. ಆಂಟೆನಾಕ್ಕೆ ನೆಲವಾಗಿ ನಿಲ್ಲಬೇಕಾದದ್ದು ಈ ತಗಡೇ.

ಮತ್ತೆ ಮೀಟರ್. ಮುಳ್ಳು 3 ದಾಟುತ್ತದೆ.

“ಸರ್, ಎರಡಿತ್ತು, ಈಗ ಮೂರರ ಮೇಲೆ ಹೋಯ್ತು. ಏನೋ ಕೆಟ್ಟಿದೆ.”

“ಕೆಟ್ಟಿಲ್ಲ ಕಣಯ್ಯಾ, ಸುಧಾರಿಸಿದೆ. ಅನಲೈಜರ್‌ನಲ್ಲಿ ಓಂ ಎಷ್ಟು ಬಂತು ನೋಡು.”

ಆಂಟೆನಾದ ರೋಧ ಅಳೆಯುವ ಆ ಉಪಕರಣದಲ್ಲಿ ಮೊದಲು 25 ಓಂ ಇದ್ದದ್ದು ಈಗ 15. ಇಷ್ಟು ಗಿಡ್ಡ ಆಂಟೆನಾದಲ್ಲಿ ಆಕಾಶಕ್ಕೆ ಹೋಗುವ ಪಾಲು ಸುಮಾರು 3 ಓಂ ಮಾತ್ರ. ಮಿಕ್ಕದ್ದೆಲ್ಲ ಕಾಯಿಲ್‌ನಲ್ಲಿ, ತುಕ್ಕಿನಲ್ಲಿ, ಕಾರಿನಡಿಯ ಮಣ್ಣಿನಲ್ಲಿ ಶಾಖವಾಗುವ ನಷ್ಟ. 100 ವ್ಯಾಟ್ ಕೊಟ್ಟರೆ ಬರೀ 12 ವ್ಯಾಟ್ ಗಾಳಿಗೆ ಹೊರಡುತ್ತಿದ್ದ ಕಡೆ ಈಗ 20 ಹೊರಡಬಲ್ಲದು. ರೇಡಿಯೊ, ಕೇಬಲ್ ಎರಡೂ 50 ಓಂ ಬಯಸುವುದರಿಂದ ಮುಳ್ಳು ಮೇಲೇರಿದೆ, ಅಷ್ಟೇ. ಕೊಟ್ಟ ಶಕ್ತಿಯನ್ನೆಲ್ಲ ಶಾಖವಾಗಿಸುವ ಡಮ್ಮಿ ಲೋಡ್ ಎಂಬ ಉಪಕರಣವೂ ಮೀಟರಿನಲ್ಲಿ ಸದಾ 1 ತೋರಿಸುತ್ತದೆ. ಅದರಿಂದ ಪಕ್ಕದ ಊರಿಗೂ ಮಾತು ತಲುಪದು. ಮುಳ್ಳನ್ನೇ ನಂಬಿ ಕೂತ ಎಷ್ಟೋ ಕಾರುಗಳಲ್ಲಿ ಒಳ್ಳೆಯ ರೇಡಿಯೊ ಹೀಗೆ ಮಣ್ಣು ಬಿಸಿಮಾಡುತ್ತಿರುತ್ತದೆ.

ಹೊಂದಿಸುವ ಕೆಲಸ ಈಗ ಬರುತ್ತದೆ. ಒಂದಿಂಚು ಅಗಲಕ್ಕೆ ಏಳು ಸುತ್ತು ಸುತ್ತಿದ ಪುಟ್ಟ ಕಾಯಿಲ್‌ನ ಒಂದು ತುದಿ ಆಂಟೆನಾದ ಬುಡಕ್ಕೆ, ಇನ್ನೊಂದು ಬಾಡಿಗೆ. ಮೇಲಿನ ಕಡ್ಡಿಯನ್ನು ಬೇಕಾದುದಕ್ಕಿಂತ ತುಸು ಗಿಡ್ಡವಾಗಿಯೇ ಬಿಡಬೇಕು. ಆಗಲೇ ಈ ಕಾಯಿಲ್ 15 ಓಂ ಅನ್ನು ರೇಡಿಯೊ ಕಣ್ಣಿಗೆ 50 ಆಗಿಸುವುದು. ಮೇಷ್ಟ್ರು ಹೆಬ್ಬೆರಳಿನಿಂದ ಸುತ್ತುಗಳನ್ನು ಕೊಂಚ ಬಿಡಿಸುತ್ತಾರೆ, ಕೊಂಚ ಒತ್ತುತ್ತಾರೆ. ಮುಳ್ಳು 2ಕ್ಕೆ, ಒಂದೂವರೆಗೆ, ಕೊನೆಗೆ 1ರ ಅಂಚಿಗೆ ಇಳಿಯುತ್ತದೆ. ಇಪ್ಪತ್ತು ಮೂವತ್ತು ಕಿಲೋಹರ್ಟ್ಸ್ ಆಚೀಚೆ ಸರಿದರೆ ಮತ್ತೆ ಏರುತ್ತದೆ. ನಷ್ಟ ಕಡಿಮೆಯಾದಷ್ಟೂ ಈ ಹರವು ಕಿರಿದಾಗುತ್ತದೆ.

ಯುವಕ ಕಡ್ಡಿಯ ಮೇಲೆ ಉಗುರುಬಣ್ಣದಿಂದ ಗುರುತು ಹಾಕಿಕೊಳ್ಳುತ್ತಾನೆ. ಮಳೆಗಾಲ ಕಳೆದ ಮೇಲೆ ಮುಳ್ಳು ಮೆಲ್ಲಗೆ ಏರಿದ್ದು ಕಂಡರೆ ಕಾಯಿಲ್ ತಿರುಚಲು ಹೋಗದೆ ಮೊದಲು ಕಾರಿನಡಿ ತೂರಿ ಆ ತಾಮ್ರದ ಪಟ್ಟಿಗಳ ಬೋಲ್ಟು ಬಿಚ್ಚಿ ನೋಡಬೇಕೆಂದು ಮೇಷ್ಟ್ರು ಅವನಿಗೆ ಒತ್ತಿ ಹೇಳುತ್ತಾರೆ.