ಬಸ್ಸಿನಾಗ ಕಾಲು ಮುರೀತು, ಕೇಸು ಯಾರ ಮ್ಯಾಲೆ?

ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಮುಂಬಯಿ-ಮದ್ರಾಸು ಹಳಿ ಯಾದಗಿರಿಯನ್ನು ಮುಟ್ಟಿ ಮುಂದೆ ಹೋಗುತ್ತದೆ. ಭೀಮೆಯ ಆಚೆಗಿನ ಜನಕ್ಕೆ ಸಂತೆಯಿರಲಿ, ಕಚೇರಿಯಿರಲಿ, ಹೆರಿಗೆಯಿರಲಿ, ಬಸ್ಸೇ ಗತಿ. ಬಸ್ಸು ಸಿಗದಿದ್ದರೆ ಟಂಟಂ, ಕ್ರೂಸರ್. ಹೀಗೆ ದಿನಾ ಜೀವವನ್ನು ಚಾಲಕನ ಕೈಗೆ ಕೊಟ್ಟು ಕೂಡುವ ನಮ್ಮ ಜನಕ್ಕೆ ಒಂದು ಸಂಗತಿ ಮಾತ್ರ ತಿಳಿದಿಲ್ಲ. ಬಸ್ಸಿನಲ್ಲಿ ಕೈಕಾಲು ಮುರಿದರೆ ಮುಂದೇನು?

ಮುಂದೇನು ಅಂದರೆ, ಸಾಮಾನ್ಯವಾಗಿ ಆಗುವುದು ಇಷ್ಟೇ. ಹತ್ತಿ ಬಿಡಿಸಲು ಹೊರಟ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಬಾಗಿಲ ಹತ್ತಿರ ನಿಂತಿದ್ದಾಳೆ. ಚಾಲಕ ಗಕ್ಕನೆ ಬ್ರೇಕ್ ಹಾಕುತ್ತಾನೆ, ಆಕೆ ಕೆಳಗೆ ಬೀಳುತ್ತಾಳೆ. ಕಂಡಕ್ಟರ್ ಒಳ್ಳೆಯವನೇ, ಎಬ್ಬಿಸಿ ಸರಕಾರಿ ದವಾಖಾನೆಗೆ ಒಯ್ಯುತ್ತಾನೆ. ಅಲ್ಲಿ ಮೆಲ್ಲಗೆ ಕಿವಿಯಲ್ಲಿ ಹೇಳುತ್ತಾನೆ: “ಯಕ್ಕಾ, ಕೇಸು ಗೀಸು ಬ್ಯಾಡ. ನಮ್ ನೌಕರಿ ಹೋಗ್ತದ. ದವಾಖಾನಿ ಖರ್ಚು ನಾವಾ ನೋಡ್ಕೋತೀವಿ.” ಈಕೆ, “ಆಗ್ಲಿ ಬಿಡಪ್ಪಾ, ನಿನಗೂ ಹೆಂಡ್ರು ಮಕ್ಕಳದಾರ” ಅನ್ನುತ್ತಾಳೆ. ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಡಾಕ್ಟರ ಪುಸ್ತಕದಲ್ಲಿ ‘ಮನೆಯಲ್ಲಿ ಕಾಲು ಜಾರಿ ಬಿದ್ದದ್ದು’ ಎಂದು ಬರೆಸಿದರಂತೂ ಮುಗಿಯಿತು. ತಿಂಗಳು ಕಳೆದು ಕಾಲು ಸೊಟ್ಟಗೆ ಕೂಡಿಕೊಂಡಾಗ ಕಂಡಕ್ಟರನ ಫೋನು ಹತ್ತುವುದಿಲ್ಲ.

ಆ ಒಂದು ಸಾಲು ಲಕ್ಷಗಟ್ಟಲೆ ಬೆಲೆಯದು. ದವಾಖಾನೆಯಲ್ಲಿ ಮೊದಲ ದಿನವೇ ಬಸ್ಸಿನಿಂದ ಬಿದ್ದ ಗಾಯವೆಂದು ಎಂಎಲ್‌ಸಿ ಬರೆಸಬೇಕು, ಪೋಲೀಸು ಠಾಣೆಯಲ್ಲಿ ಫಿರ್ಯಾದಿ ಕೊಡಬೇಕು. ತಡವಾದರೆ ಹಕ್ಕು ಹೋಯಿತೆಂದಲ್ಲ. ಗಾಯಗೊಂಡವರು ಮೊದಲು ಠಾಣೆಗಲ್ಲ, ದವಾಖಾನೆಗೆ ಓಡುವುದು ಸಹಜ. ಫಿರ್ಯಾದಿ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಆದರೆ ತಡವಾದಷ್ಟೂ ಎದುರು ವಕೀಲರ ಪ್ರಶ್ನೆಗಳು ಬೆಳೆಯುತ್ತವೆ.

ಟಿಕೆಟು ಜೋಪಾನ ಮಾಡಬೇಕು. ಈಗಿನ ಮೆಷಿನ್ ಟಿಕೆಟ್ಟಿನ ಅಕ್ಷರ ಕೆಲ ದಿನದಲ್ಲೇ ಅಳಿಸಿಹೋಗುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಚಲೋ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಹೆಂಗಸರಿಗೆ ಶೂನ್ಯ ಟಿಕೆಟು ಬಂದಿದೆ. “ಪುಗಸಟ್ಟೆ ಬಂದೋರಿಗೆ ಎಲ್ಲಿ ಪರಿಹಾರ?” ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಾರೆ. ನಗುವವರಿಗೆ ಕಾಯಿದೆ ತಿಳಿದಿಲ್ಲ. ಚಾಲಕನ ಅಲಕ್ಷ್ಯಕ್ಕೆ ಬಸ್ಸಿನ ಒಡೆಯ ಹೊಣೆ; ಟಿಕೆಟ್ಟಿನ ರೊಕ್ಕ ಯಾರು ಕೊಟ್ಟರು ಎಂಬುದರ ಮೇಲೆ ಮುರಿದ ಎಲುಬಿನ ಬೆಲೆ ನಿಂತಿಲ್ಲ.

ನಮ್ಮ ಭಾಗದಲ್ಲಿ ಆ ಒಡೆಯ ಯಾರು? 2000ದಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದ ಈಶಾನ್ಯ ಸಾರಿಗೆ ಸಂಸ್ಥೆಗೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಎಂದು ನಾಮಕರಣವಾಯಿತು. ಮುಖ್ಯ ಕಚೇರಿ ಕಲಬುರಗಿ. ಖಾಸಗಿ ಗಾಡಿಗೆ ವಿಮಾ ಕಂಪನಿ ಕೊಡುತ್ತದೆ. ಸರಕಾರಿ ಸಾರಿಗೆ ಸಂಸ್ಥೆಗಳಿಗೆ ಮಾತ್ರ, ವಿಮೆಯಿಂದ ವಿನಾಯಿತಿ ಪಡೆದು ಸ್ವಂತ ನಿಧಿ ಇಟ್ಟುಕೊಳ್ಳಲು ಮೋಟಾರು ವಾಹನ ಕಾಯಿದೆಯೇ ಅವಕಾಶ ಕೊಟ್ಟಿದೆ. ಹಾಗಾಗಿ ನಮ್ಮವರ ಖಟ್ಲೆ ನೇರ ಸಂಸ್ಥೆಯ ಮೇಲೆಯೇ ನಡೆಯುತ್ತದೆ.

ಖಟ್ಲೆ ಹೂಡಲು ದೂರ ಅಲೆಯಬೇಕಿಲ್ಲ. ಅಪಘಾತವಾದ ಊರಿನ, ಇಲ್ಲವೆ ಗಾಯಗೊಂಡವರು ವಾಸಿಸುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಗುಳೆ ಹೋಗಿ ಪುಣೆಯಲ್ಲೋ ಬೆಂಗಳೂರಲ್ಲೋ ಬಸ್ಸಿಗೆ ಸಿಕ್ಕ ನಮ್ಮ ಜಿಲ್ಲೆಯ ಕೂಲಿಯವರು ಇದನ್ನು ಚೆನ್ನಾಗಿ ನೆನಪಿಡಬೇಕು. ಅಲ್ಲಿನ ಕೋರ್ಟಿನ ಪೇಶಿಗೆ ಓಡಾಡಿ ಸೋತು, ಸಿಕ್ಕಷ್ಟಕ್ಕೆ ಸೈ ಹಾಕುವ ಅಗತ್ಯವಿಲ್ಲ.

ಕಾಲಮಿತಿಯದು ಮಾತ್ರ ದೊಡ್ಡ ತಕರಾರು. ಮೊದಲು ಆರು ತಿಂಗಳ ಕಟ್ಟು ಇತ್ತು, 1994ರಲ್ಲಿ ಅದನ್ನು ಕಿತ್ತರು. 2019ರ ತಿದ್ದುಪಡಿ ಮತ್ತೆ ಅದೇ ಆರು ತಿಂಗಳನ್ನು ತಂದಿತು. ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಿಂದ. ಇದನ್ನು ಪ್ರಶ್ನಿಸಿ ಹೋದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ, ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರವನ್ನು ನಂಬಿ ಕೂಡುವುದಕ್ಕಿಂತ ಆರು ತಿಂಗಳೊಳಗೇ ಹಾಕುವುದು ಜಾಣತನ. ಕಾಲು ಮುರಿದವರು ಮೂರು ತಿಂಗಳು ಹಾಸಿಗೆಯಲ್ಲೇ ಇರುತ್ತಾರೆ ಎಂಬುದು ಕಾಯಿದೆ ಬರೆದವರಿಗೆ ಹೊಳೆದಂತಿಲ್ಲ.

ಇನ್ನು ಲೆಕ್ಕ. ಇಲ್ಲೇ ಬಡವರ ಗಂಟು ಕರಗುವುದು. 2009ರಲ್ಲಿ ದಿಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನದೇ ಒಂದು ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ಕೊಟ್ಟಿತು. 31ರಿಂದ 35 ವರ್ಷದವರಿಗೆ 16, 41ರಿಂದ 45ರವರಿಗೆ 14, ಹೀಗೆ. ನಮ್ಮ ಹತ್ತಿ ಬಿಡಿಸುವಾಕೆಗೆ 33 ವರ್ಷ. ಕೂಲಿಯವರ ಹತ್ತಿರ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅಂಥವರಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಕೋಷ್ಟಕವಿದೆ. ಅಪಘಾತವಾದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯ ಅದರಲ್ಲಿರುತ್ತದೆ, ಕಲಬುರಗಿ ಹೈಕೋರ್ಟು ಪೀಠವೂ ಅದನ್ನು ಅನುಸರಿಸುತ್ತ ಬಂದಿದೆ. ಲೆಕ್ಕಕ್ಕೆಂದು ತಿಂಗಳಿಗೆ 12,000 ಹಿಡಿಯೋಣ. ವರ್ಷಕ್ಕೆ 1,44,000. ಅದರ 16 ಪಟ್ಟು 23,04,000.

ಅಷ್ಟೂ ಸಿಗುವುದಿಲ್ಲ ಮತ್ತೆ! ಎಷ್ಟು ಅಂಗ ಊನವಾಯಿತು ಎಂಬ ಶೇಕಡಾ ನೋಡುತ್ತಾರೆ. ಡಾಕ್ಟರು ಆ ಕಾಲಿಗೆ ಶೇಕಡಾ 45 ಎಂದರೆ, ಇಡೀ ದೇಹಕ್ಕೆ ಅದರ ಮೂರನೆಯ ಒಂದು ಪಾಲು, ಶೇಕಡಾ 15, ಎಂದು ಹಿಡಿಯುವ ರೂಢಿಯಿದೆ. ಆಗ ದುಡಿಮೆ ನಷ್ಟದ ಬಾಬ್ತು ಸಿಗುವುದು 3,45,600. ಕೂತು ಬರೆಯುವ ಗುಮಾಸ್ತನಿಗೆ ಈ ಲೆಕ್ಕ ಒಪ್ಪಬಹುದು. ದಿನವಿಡೀ ಬಗ್ಗಿ ಎದ್ದು ಹತ್ತಿ ಬಿಡಿಸುವಾಕೆಗೆ ಮಂಡಿ ಮಡಚದಿದ್ದರೆ ಉಳಿದದ್ದೇನು? 2010ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ಅಂಗದ ಊನ ಬೇರೆ, ದುಡಿಯುವ ಶಕ್ತಿಯ ಊನ ಬೇರೆ, ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನೋಡಬೇಕು. ಅದರಂತೆ ಕೋರ್ಟು ಶೇಕಡಾ 40 ಒಪ್ಪಿದರೆ ಅದೇ ಹೆಂಗಸಿಗೆ 9,21,600 ಆಗುತ್ತದೆ. ಸುಮಾರು ಐದೂಮುಕ್ಕಾಲು ಲಕ್ಷದ ಅಂತರ ನಿಂತಿರುವುದು, ವಕೀಲರು ಆಕೆಯ ಕೆಲಸವನ್ನು ಕೋರ್ಟಿಗೆ ಹೇಗೆ ತಿಳಿಸಿದರು, ಡಾಕ್ಟರು ಕಟಕಟೆಗೆ ಬಂದು ಏನು ಹೇಳಿದರು ಎಂಬುದರ ಮೇಲೆ. ಸರ್ಟಿಫಿಕೇಟು ಲಗತ್ತಿಸಿ ಕೈ ತೊಳೆದುಕೊಳ್ಳುವ ವಕೀಲರಿದ್ದರೆ ಕಕ್ಷಿದಾರರೇ ಹುಷಾರಾಗಿರಬೇಕು. ದವಾಖಾನೆ ಖರ್ಚು, ನೋವು, ಕೂಲಿ ತಪ್ಪಿದ ತಿಂಗಳುಗಳು, ನೋಡಿಕೊಂಡವರ ಖರ್ಚು ಬೇರೆ ಬಾಬ್ತು. ಅದಕ್ಕೆ ಔಷಧದ ಚೀಟಿ ಒಂದೂ ಎಸೆಯಬಾರದು.

“ನಮ್ಮದೇನೂ ತಪ್ಪಿಲ್ಲ, ಎಲ್ಲಾ ದೈವಾಧೀನ” ಎಂದು ಸಂಸ್ಥೆ ವಾದಿಸುವುದುಂಟು. ಬಸ್ಸಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಗಾರೆ ಕೆಲಸದವನೊಬ್ಬನ ಖಟ್ಲೆಯಲ್ಲಿ ಕೆಎಸ್‌ಆರ್‌ಟಿಸಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2003ರಲ್ಲಿ ಬಂದ ಆ ತೀರ್ಪಿನಲ್ಲಿ ದೈವದ ಮೇಲೆ ಹಾಕುವ ವಾದ ನಿಲ್ಲಲಿಲ್ಲ. ಚಾಲಕನ ತಪ್ಪು ಸಾಧಿಸುವುದು ಆಗದ ಮಾತೆನಿಸಿದರೆ ಬೇರೆ ದಾರಿಯೂ ಇದೆ. ತಪ್ಪು ಯಾರದೆಂದು ಕೇಳದೆ ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ 5 ಲಕ್ಷ ಕೊಡಬೇಕೆಂದು ತಿದ್ದುಪಡಿಯಾದ ಕಾಯಿದೆಯ 164ನೆಯ ಕಲಮು ಹೇಳುತ್ತದೆ.

ಆದರೆ ಟಂಟಂ ಬಿಟ್ಟು ಗೂಡ್ಸ್ ಗಾಡಿಯಲ್ಲೋ ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಕೂಲಿಗೆ ಹೋಗುವವರ ಪಾಡು ಬೇರೆ. ಸರಕು ಗಾಡಿಯಲ್ಲಿ ಪುಕ್ಕಟೆ ಹತ್ತಿದ ಜನಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು 2003ರಲ್ಲೇ ತೀರ್ಮಾನವಾಗಿದೆ. ಗಾಡಿ ಮಾಲಿಕನಿಂದಲೇ ವಸೂಲಿ ಮಾಡಬೇಕು, ಅವನ ಹತ್ತಿರ ಇರುವುದು ಜಖಂ ಆದ ಆ ಗಾಡಿಯೊಂದೇ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಬಿದ್ದವರದು ಇನ್ನೊಂದು ಕೋರ್ಟು: ಬೆಂಗಳೂರಿನ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿ. ಅವಧಿ ಒಂದು ವರ್ಷ, ಸಾವಿಗೆ 2017ರಿಂದ 8 ಲಕ್ಷ. ಮೈಮೇಲೆ ಟಿಕೆಟು ಸಿಗಲಿಲ್ಲವೆಂಬ ಮಾತ್ರಕ್ಕೆ ಪರಿಹಾರ ತಪ್ಪದು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ತೀರ್ಪಾದ ಮೇಲೂ ಹಣ ಕೂಡಲೇ ಬರುವುದಿಲ್ಲ. ಸಂಸ್ಥೆ ಮೇಲ್ಮನವಿ ಹೋಗಬಹುದು. 2008ರಲ್ಲಿ ಕಲಬುರಗಿಗೆ ಹೈಕೋರ್ಟು ಪೀಠ ಬಂದದ್ದರಿಂದ ಬೆಂಗಳೂರಿನ ದಾರಿಖರ್ಚಾದರೂ ಉಳಿದಿದೆ. ಕೊಡದೆ ಎಳೆದಾಡಿದರೆ ಬಸ್ಸನ್ನೇ ಜಪ್ತಿ ಮಾಡಿಸುವ ಹಕ್ಕು ಗಾಯಾಳುವಿಗಿದೆ, ರಾಜ್ಯದ ಕೋರ್ಟುಗಳು ಹಾಗೆ ಮಾಡಿಸಿಯೂ ಇವೆ.

ನಮ್ಮ ಜಿಲ್ಲೆಯ ಅಧಿಕಾರಿಗಳಿಗೆ ಎರಡು ಮಾತು. ಅಪಘಾತದ ವರದಿಯನ್ನು ಪೋಲೀಸರೇ ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಕಳಿಸಬೇಕು, ಆ ವರದಿಯನ್ನೇ ಅರ್ಜಿಯೆಂದು ಹಿಡಿಯಬಹುದು ಎಂದು ಕಾಯಿದೆಯಿದೆ. ಯಾದಗಿರಿ, ಶಹಾಪುರ, ಸುರಪುರ ಠಾಣೆಗಳಿಂದ ಕಳೆದ ವರ್ಷ ಎಷ್ಟು ವರದಿ ಹೋಗಿವೆ ಎಂಬುದನ್ನು ಪ್ರಕಟಿಸಲಿ. ಮತ್ತೆ ಮೂರೂ ಬಸ್ ನಿಲ್ದಾಣಗಳ ಗೋಡೆಗೆ, ಗುಟಕಾ ಜಾಹೀರಾತು ಕಿತ್ತ ಜಾಗದಲ್ಲಿ, ಗಾಯವಾದರೆ ಎಲ್ಲಿ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು, ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಲಿ.